ಪುಕ್ಕಲು ಚಿಕ್ಕಪ್ಪನ ನೀರಿನ ಬಾಟಲಿ

ನಮ್ಮ ಚಿಕ್ಕಪ್ಪನಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಬೀಗ ಹಾಕಿ ಬೀದಿ ತುದಿಗೆ ಹೋದವರು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಾರೆ. ಒಲೆ ಆರಿಸಿದ ಮೇಲೂ ಹತ್ತಿರ ಹೋಗಿ ಮೂಸುತ್ತಾರೆ. ಅಂಥವರಿಗೆ ಸಿಕ್ಕಿದ ಕಸುಬು ನೋಡಿ: ಮರಗೆಲಸದ ಅಂಗಡಿಯಲ್ಲಿ ಪಾಲಿಶ್. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಅದ್ದಿ, ಮೇಜು ಬೀರುಗಳು ಫಳಫಳ ಹೊಳೆಯುವವರೆಗೆ ಉಜ್ಜುವುದು. ಆ ಕೆಲಸದಲ್ಲಿ ಅವರ ಕೈ ನಡುಗುವುದಿಲ್ಲ, ಉಳಿದದ್ದಕ್ಕೆಲ್ಲ ನಡುಗುತ್ತದೆ.

ಅಂಗಡಿಯ ಬಡಗಿಗೆ ಕುಡಿತದ ಚಟ. ಕೈಯಲ್ಲಿ ಏನೂ ಇಲ್ಲದ ದಿನ ಪಾಲಿಶ್ ಸ್ಪಿರಿಟ್ಟಿನ ಡಬ್ಬವನ್ನೇ ಆಸೆಯಿಂದ ನೋಡುತ್ತಿದ್ದ. ಅದು ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ ಎಂದು ಚಿಕ್ಕಪ್ಪ ಎಷ್ಟು ಹೇಳಿದರೂ ಅವನು ನಗುತ್ತಿದ್ದ. ಕೊನೆಗೆ ಇವರು ಹೂಡಿದ ಉಪಾಯ ಕೇಳಿ. ಆ ಬಣ್ಣವಿಲ್ಲದ ಸ್ಪಿರಿಟ್ಟನ್ನು ನೀರಿನ ಬಾಟಲಿಗೆ ಬಗ್ಗಿಸಿಕೊಂಡು ಮನೆಗೇ ತಂದು, ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟರು. ಮನೆಯಲ್ಲಿ ಕುಡಿಯುವವರು ಯಾರಿದ್ದಾರೆ ಎಂಬ ಧೈರ್ಯ. ಜೀವಮಾನದಲ್ಲಿ ಅವರು ತೋರಿದ ಒಂದೇ ಒಂದು ಧೈರ್ಯ ಅದು, ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆ ವಾರ ಚಿಕ್ಕಮ್ಮನಿಗೆ ವಿಪರೀತ ನೆಗಡಿ. ಮೂಗು ಕಟ್ಟಿ ವಾಸನೆ, ರುಚಿ ಎರಡೂ ಹೋಗಿದ್ದವು. ಹಾಗಿದ್ದರೂ ಒಂದು ಸಂಜೆ ಅವರಿಗೆ ಎಲ್ಲಿಲ್ಲದ ಉಲ್ಲಾಸ. ಗಂಡ ಬಾಗಿಲ ಚಿಲಕ ಎಳೆದು ನೋಡುವುದನ್ನು ನಟಿಸಿ ತೋರಿಸಿದರು, ನಾಲಿಗೆ ತೊದಲಿತು, ತಾವೇ ನಕ್ಕರು. ಮಹಡಿಯ ಮೇಲಿನ ಕೋಣೆಯಲ್ಲಿದ್ದ ನಾನೂ ಇಳಿದು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೆಳಗಾದರೆ ತಲೆನೋವು, ವಾಂತಿ. ನೆಗಡಿ ಜೋರಾಗಿದೆ ಎಂದುಕೊಂಡು ಸುಮ್ಮನಾದೆವು.

ರಜೆಯ ದಿನ ಅದು. ಚಿಕ್ಕಪ್ಪ ಹಿತ್ತಲಲ್ಲಿ ಕೂತು ಮನೆಯ ಕುರ್ಚಿಗೆ ಪಾಲಿಶ್ ಕಲಸಲು ಹೊರಟರು. ಬಾಟಲಿ ತಂದು ಅರಗಿನ ಚಕ್ಕೆಯ ಮೇಲೆ ಸುರಿದು, ಕಡ್ಡಿಯಿಂದ ಕದಡಿದರು. ಜೇನಿನ ಬಣ್ಣಕ್ಕೆ ತಿರುಗಬೇಕಾದದ್ದು ಒಡೆದ ಹಾಲಿನಂತೆ ಬೆಳ್ಳಗೆ ಗಂಟುಗಂಟಾಯಿತು. ನೀರು ಬೆರೆತ ಸ್ಪಿರಿಟ್ಟಿನಲ್ಲಿ ಅರಗು ಕರಗುವುದಿಲ್ಲ. ಅವರು ಬಾಟಲಿ ಎತ್ತಿ ನೋಡಿದರು. ಅರ್ಧ ಬಾಟಲಿ ಇಟ್ಟಿದ್ದು, ಸುರಿದ ಮೇಲೂ ಕತ್ತಿನ ಹತ್ತಿರವೇ ಇತ್ತು.

"ಈ ಬಾಟ್ಲು ಯಾರು ಮುಟ್ಟಿದ್ದು?" ಎಂದು ಒಳಕ್ಕೆ ಕೂಗಿದರು.

"ನಾನೇ ಕಣ್ರೀ," ಎಂದು ಚಿಕ್ಕಮ್ಮ ಮಲಗಿದ್ದಲ್ಲಿಂದಲೇ ಹೇಳಿದರು. "ಹಿಟ್ಟಿನ ಡಬ್ಬ ಎತ್ತುವಾಗ ಸಿಕ್ತು, ನೀರು ಅಂದ್ಕೊಂಡು ನಿನ್ನೆ ಎಲ್ಲಾ ಅದರಿಂದಾನೇ ಕುಡೀತಿದ್ದೆ. ಕಡಿಮೆ ಆದಾಗೆಲ್ಲ ನಲ್ಲಿ ನೀರು ಹಾಕಿ ಇಟ್ಟೆ. ಯಾಕೋ ಈಗ ಬಾಗಿಲೆಲ್ಲ ಮಂಜು ಮಂಜಾಗಿ ಕಾಣ್ತಿದೆ."

ಚಿಕ್ಕಪ್ಪ ಕೂತಲ್ಲಿಂದ ಏಳಲಾರದೆ ನೆಲ ತಡವುತ್ತಿದ್ದರು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ಎಷ್ಟು ಕುಡಿದಿದ್ದಾರೆ ಎಂದು ಡಾಕ್ಟರಮ್ಮ ಕೇಳಿದರು. ಯಾರಿಗೆ ಗೊತ್ತು? ಚಿಕ್ಕಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು. ಎಲ್ಲಿಂದ ಎಲ್ಲಿಯವರೆಗೆ ನೀರು, ಎಲ್ಲಿಂದ ವಿಷ, ಒಂದು ಗೆರೆಯೂ ಇರಲಿಲ್ಲ.

"ಎಣ್ಣೆ ಆಗಿದ್ರೆ ಮೇಲೆ ತೇಲ್ತಿತ್ತು ಅಲ್ವಾ ಡಾಕ್ಟ್ರೇ, ಕಣ್ಣಿಗೆ ಕಾಣ್ತಿತ್ತು. ಇದ್ಯಾಕೆ ಹೀಗೆ ಅಡಗಿಕೊಳ್ತು?" ಎಂದು ಅತ್ತರು.

ಡಾಕ್ಟರಮ್ಮ ಸೂಜಿ ಚುಚ್ಚುತ್ತಲೇ ಹೇಳಿದರು. "ನೀರಿನ ಕಣಗಳು ಒಂದರ ಕೈ ಒಂದು ಹಿಡ್ಕೊಂಡಿರ್ತವೆ. ಎಣ್ಣೆಗೆ ಆ ಥರ ಕೈಯೇ ಇಲ್ಲ, ಅದಕ್ಕೆ ಹೊರಗೆ ಉಳಿಯುತ್ತೆ. ಸ್ಪಿರಿಟ್ಟಿನ ಕಣಕ್ಕೆ ಒಂದು ತುದೀಲಿ ನೀರಿನಂಥದೇ ಕೈ, ಹಿಂದೆ ಎಣ್ಣೆಯಂಥ ಪುಟ್ಟ ಬಾಲ. ಬಾಲ ಉದ್ದ ಇದ್ದಿದ್ರೆ ಬೇರೆಯಾಗಿ ನಿಲ್ತಿತ್ತು. ಇದು ಗುಂಪಿನೊಳಗೆ ಸೇರ್ಕೊಂಡುಬಿಡುತ್ತೆ. ಮೈಯಲ್ಲಿ ನೀರಿರೋ ಕಡೆಗೆಲ್ಲ ಹೋಗುತ್ತೆ."

"ಕಣ್ಣಿಗೂ?"

"ಕಣ್ಣಿಗೂ. ಪಿತ್ತಜನಕಾಂಗ ಅದನ್ನ ಇನ್ನೂ ಕೆಟ್ಟ ವಿಷ ಮಾಡುತ್ತೆ, ಅದನ್ನ ತಡೆಯೋಕೆ ಔಷಧಿ ಕೊಡ್ತೀವಿ. ನೀರಲ್ಲಿ ಬೆರೆಯೋದ್ರಿಂದಾನೇ ಯಂತ್ರದಲ್ಲಿ ರಕ್ತ ತೊಳೆದು ಹೊರಗೆ ತೆಗೀಬಹುದು. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ."

ಯಂತ್ರ ತಿರುಗುತ್ತಿದ್ದಷ್ಟು ಹೊತ್ತೂ ಚಿಕ್ಕಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಬಡಗಿಯ ಕಣ್ಣು ಉಳಿಸಲು ಹೋಗಿ ಇವಳ ಕಣ್ಣು ತೆಗೆದೆನಲ್ಲಾ ಎಂದು ಗೊಣಗುತ್ತಿದ್ದರು. ಬೈಯಬೇಕೆಂದು ಹತ್ತಿರ ಹೋದವಳು ಅವರ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತೆ. ನನಗೂ ಅಷ್ಟೇ ಭಯವಾಗಿತ್ತು.

ಚಿಕ್ಕಮ್ಮ ಬದುಕಿದರು. ಮನೆಗೆ ಹೊರಡುವ ದಿನ ಚಿಕ್ಕಪ್ಪ ಹಾಸಿಗೆಯ ಹತ್ತಿರ ಬಂದು, "ನಾನು ಕಾಣ್ತೀನೇನೇ?" ಎಂದರು.

"ಕಾಣದೆ ಏನು? ಗಡ್ಡ ನೋಡಿ, ಪೊರಕೆ ಥರ ಇದೆ," ಎಂದರು ಚಿಕ್ಕಮ್ಮ. ಚಿಕ್ಕಪ್ಪ ನಕ್ಕರು, ಅತ್ತರು, ಪಕ್ಕದ ಮನೆಯವರ ಕಾರನ್ನು ಬಾಗಿಲಿಗೆ ತರಿಸಲು ಕೆಳಗೆ ಓಡಿದರು.

ಅವರು ಮರೆಯಾದ ಕೂಡಲೇ ಚಿಕ್ಕಮ್ಮನ ಉಗುರು ನನ್ನ ತೋಳಿಗೆ ನೆಟ್ಟಿತು.

"ಎದುರಿಗೆ ಇರೋದು ಕಾಣುತ್ತೆ. ಅದರ ಕೆಳಗೆ, ಕಾಲ ಹತ್ತಿರ ಏನೂ ಕಾಣಲ್ಲ ಕಣೇ, ಬರೀ ಬೂದಿ ಬಣ್ಣ. ಡಾಕ್ಟ್ರಮ್ಮನಿಗೆ ಗೊತ್ತು. ಇವರಿಗೆ ಹೇಳಬೇಡ, ಆ ಮನುಷ್ಯ ಉಳಿಯಲ್ಲ. ಮೆಟ್ಟಿಲು ಬಂದಾಗ ಕೈ ಒತ್ತು, ಬಾಯಿ ಬಿಡಬೇಡ."

ಒತ್ತಿದೆ. ಒಂದು ಮೆಟ್ಟಿಲಿಗೆ ಒಂದು ಸಲ. ಚಿಕ್ಕಮ್ಮ ಮುಖವೆತ್ತಿ ನಗುತ್ತಾ ಇಳಿಯುತ್ತಿದ್ದರು. ಕೆಳಗೆ ಚಿಕ್ಕಪ್ಪ ಕಾರಿನ ಬಾಗಿಲು ಹಿಡಿದು ನಿಂತು, ಕಣ್ಣು ಮಿಟುಕಿಸದೆ ಅವರ ಕಾಲುಗಳನ್ನೇ ನೋಡುತ್ತಿದ್ದರು.