ಎರಡನೇ ಟೇಬಲ್ಲಿಗೊಂದು ಹುಲಿ

ಆ ಬೆಟ್ಟದೂರಿಗೆ ಬರುವವರೆಲ್ಲ ಹುಲಿ ನೋಡಲೆಂದೇ ಬರುತ್ತಾರೆ. ಹುಲಿಗೆ ಮಾತ್ರ ಅವರನ್ನು ನೋಡುವ ಆಸೆ ಕಿಂಚಿತ್ತೂ ಇದ್ದಂತಿಲ್ಲ. ಬೆಳಗಿನ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಜೀಪು ಹತ್ತಿ ಅಭಯಾರಣ್ಯದೊಳಕ್ಕೆ ಹೋದವರು ನಾಲ್ಕು ಜಿಂಕೆ, ಒಂದು ನವಿಲು, ಹೊಟ್ಟೆತುಂಬ ಮುಂದಿನ ಜೀಪಿನ ಧೂಳು, ಇಷ್ಟನ್ನು ಸಂಪಾದಿಸಿಕೊಂಡು ವಾಪಸಾಗುತ್ತಾರೆ. ಮುಖ ನೋಡಿದರೆ ಹರಳೆಣ್ಣೆ ಕುಡಿದ ಹಾಗೆ. ಅಂಥ ಮುಖಗಳನ್ನು ರಾತ್ರಿಯೂಟದ ಹೊತ್ತಿಗೆ ಅರಳಿಸಲೆಂದೇ ಗೇಟಿನ ಪಕ್ಕದ ಲಾಡ್ಜಿನವರು ಒಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದರು.

ಊರಿಗೆಲ್ಲ ಅವನು ಗಂಟಲಣ್ಣ. ಹಗಲು ಲಾಡ್ಜಿನ ತೋಟಕ್ಕೆ ನೀರು ಬಿಡುತ್ತಿದ್ದ, ಗೀಸರ್ ಕೆಟ್ಟರೆ ಮಹಡಿಗೆ ಬಿಸಿನೀರು ಹೊರುತ್ತಿದ್ದ. ಸಂಜೆಯಾದ ಮೇಲೆ ಊಟದ ಹಾಲಿನ ಹಿಂದುಗಡೆ, ತೊಳೆಯುವ ಪಾತ್ರೆ ಗುಡ್ಡೆ ಹಾಕುವ ಜಾಗದಾಚೆ ಮಂಡಿಯೂರಿ ಕೂತು, ದೊಡ್ಡ ಮಡಕೆಯೊಂದರ ಬಾಯಿಗೆ ಬಾಯಿಟ್ಟು ಹುಲಿಯಾಗುತ್ತಿದ್ದ. ಹೊಟ್ಟೆಯಿಂದ ಉಸಿರೆಳೆದು ಒಂದು ಸಲ ಗರ್ಜಿಸಿದನೆಂದರೆ ಹಾಲಿನಲ್ಲಿ ಚಮಚಗಳ ಸದ್ದು ನಿಲ್ಲಬೇಕು. ಮಕ್ಕಳು ಅಮ್ಮಂದಿರ ಮಡಿಲು ಸೇರುತ್ತಿದ್ದವು, ಗಂಡಸರು ಎದ್ದುಹೋಗಿ ಕಿಟಕಿ ಮುಚ್ಚಿ ಶೂರರಾಗುತ್ತಿದ್ದರು.

ಈ ಹುಲಿ ತಾನಾಗಿ ಬರುವಂಥದ್ದಲ್ಲ. ಕಾಫಿ ಹೇಳುವ ಹಾಗೆ ಹುಲಿಯನ್ನೂ ಹೇಳಬೇಕು. ಮನೆಯವರನ್ನು ಬೆಚ್ಚಿಬೀಳಿಸುವ ಹುಮ್ಮಸ್ಸಿನವರು ಯಾರಾದರೂ ಮ್ಯಾನೇಜರನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಅದು ಸಪ್ಲೈಯರನಿಗೆ ದಾಟಿ, ಅವನು ಹಿತ್ತಲ ಬಾಗಿಲಲ್ಲಿ ತಲೆ ತೂರಿಸಿ, “ನಾಲ್ಕನೇ ಟೇಬಲ್ಲಿಗೊಂದು ಹುಲಿ” ಎನ್ನುತ್ತಿದ್ದ. ಹೇಳಿದವರು ಯಾರೆಂದು ಮಾತ್ರ ಯಾರಿಗೂ ಬಾಯಿಬಿಡುವಂತಿರಲಿಲ್ಲ.

ಗಂಟಲಣ್ಣನಿಗೆ ಇದ್ದವಳು ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮೇಲೆ ತಾಯಿಯೂ ತಾನೇ ಆಗಿ ಸಾಕಿ, ಪಟ್ಟಣದ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದ. ಅವಳು ಅಲ್ಲೇ ಕೆಲಸ ಹಿಡಿದಳು, ಅಲ್ಲೇ ರಿಜಿಸ್ಟರ್ ಮದುವೆಯಾದಳು. ಅಪ್ಪನಿಗೆ ಮೊದಲು ಬಂದದ್ದು ಫೋಟೋ, ಆಮೇಲೆ ಸುದ್ದಿ. “ಎಲ್ಲಾ ಅವಸರದಲ್ಲಿ ಆಗೋಯ್ತಪ್ಪ” ಎಂದಿದ್ದಳು. ಆ ಫೋಟೋವನ್ನು ಅವನು ಸಪ್ಲೈಯರನಿಂದ ಹಿಡಿದು ತರಕಾರಿಯವಳ ತನಕ ಎಲ್ಲರಿಗೂ ತೋರಿಸಿ ಹಲ್ಲುಕಿರಿದಿದ್ದ. ಮದುವೆಗೆ ತನ್ನನ್ನು ಕರೆಯಲಿಲ್ಲವೆಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅಂಥ ಮಗಳು ಗಂಡ, ಅತ್ತೆ, ಮಾವನನ್ನು ಕಟ್ಟಿಕೊಂಡು ಇದೇ ಲಾಡ್ಜಿಗೆ ಬರುತ್ತಾಳೆಂದು ತಿಳಿದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಗರ ಜೊತೆ ಒಂದೇ ಟೇಬಲ್ಲಿನಲ್ಲಿ, ಮಗಳ ಪಕ್ಕ ಕೂತು ಒಂದು ಊಟ. ಈ ಜನ್ಮಕ್ಕೆ ಅಷ್ಟು ಸಾಕು ಎನಿಸಿತು. ಸೀದಾ ಹೋಗಿ ಮ್ಯಾನೇಜರನ ಹತ್ತಿರ ಸಂಜೆಗೆ ರಜೆ ಕೇಳಿದ.

“ನಿನಗೆ ರಜಾ ಕೊಟ್ರೆ ಹುಲಿ ಯಾರಯ್ಯಾ ಆಗೋದು, ನಾನಾ?”

“ಹುಲೀಗೂ ಮಗಳು ಅಳಿಯ ಇರಲ್ವಾ ಸಾರ್? ಒಂದಿನ ಬಿಡಿ.”

ಮ್ಯಾನೇಜರ್ ನಕ್ಕುಬಿಟ್ಟ. “ಹೋಗು. ಯಾರಾದ್ರೂ ಹೇಳಿದ್ರೆ ನಾಳೆ ಅಂತೀನಿ.”

ಗಂಟಲಣ್ಣ ಮುಖಕ್ಷೌರ ಮಾಡಿಸಿಕೊಂಡ, ಇಸ್ತ್ರಿಯ ಷರಟು ತೊಟ್ಟ. ಮೊದಲೇ ಮಾತಿನಮಲ್ಲ. ಬೀಗರೊಡನೆ ಆಡಬೇಕಾದ ಮಾತನ್ನೆಲ್ಲ ತೋಟದ ಗಿಡಗಳ ಮುಂದೆ ಆಡಿ ರೂಢಿ ಮಾಡಿಕೊಂಡ. ಕಾರು ಬಂದ ಸದ್ದಿಗೆ ಓಡಿದವನನ್ನು ಮಗಳು ದೂರದಿಂದಲೇ ಕಣ್ಸನ್ನೆ ಮಾಡಿ ತಡೆದಳು. ಆಮೇಲೆ ಫೋನು ಬಂತು. “ಎಲ್ರೂ ಸುಸ್ತಾಗಿದಾರಪ್ಪ. ಊಟದ ಹೊತ್ತಿಗೆ ನೋಡೋಣ.” ನೋಡೋಣ ಎಂದದ್ದನ್ನು ಅವನು ಬಾ ಎಂದೇ ಕೇಳಿಸಿಕೊಂಡ. ಹೆತ್ತವರ ಕಿವಿ ಅಷ್ಟು ಮೋಸದ್ದು.

ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಕರೆಗಾಗಿ ಕಾಯುತ್ತಿದ್ದವನ ಹತ್ತಿರ ಸಪ್ಲೈಯರ್ ಮುಖ ಸಣ್ಣ ಮಾಡಿಕೊಂಡು ಬಂದ.

“ಅಣ್ಣಾ, ಎರಡನೇ ಟೇಬಲ್ಲಿಗೆ ಹುಲಿ ಹೇಳಿದಾರೆ.”

“ಅದು ನಮ್ಮೋರ ಟೇಬಲ್ ಕಣೋ!”

“ಹೌದು. ಮ್ಯಾನೇಜರ್ ನಾಳೆ ಅಂದ್ರು. ಇಲ್ಲ, ಇವತ್ತೇ ಆಗ್ಬೇಕು, ಊಟಕ್ಕೆ ಕೂತಾಗ್ಲೇ ಆಗ್ಬೇಕು ಅಂತ ಹಟವಂತೆ.”

ಅಳಿಯನೇ ಇರಬೇಕು ಎಂದುಕೊಂಡ ಗಂಟಲಣ್ಣ. ಹುಲಿ ತನ್ನ ಮಾವನೇ ಎಂದು ಪಾಪ ಆ ಹುಡುಗನಿಗೇನು ಗೊತ್ತು! ಅಳಿಯ ಬಾಯಿಬಿಟ್ಟು ಕೇಳಿದ ಮೊದಲನೇ ಆಸೆ. ಒಂದು ಸಲ ಕೂಗಿ, ಕೈಕಾಲು ತೊಳೆದು ಹೋಗಿ ಕೂತರಾಯಿತು. ತೋಳು ಮಡಚಿ, ಒದ್ದೆ ನೆಲದಲ್ಲಿ ಮಂಡಿಯೂರಿ ಗರ್ಜಿಸಿದ. ಒಳಗೆ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಬೀಗಿತ್ತಿಯೇ ಇರಬೇಕೆಂದು ಅವನಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದು ಮಗಳು ಬಂದಳು. ಅವನು ದಡಬಡಿಸಿ ಎದ್ದ.

“ಬಂದೆ ತಾಯಿ, ಕೈ ತೊಳ್ಕೊಂಡು ಬಂದೇಬಿಟ್ಟೆ.”

ಅವಳು ಹೊಸ್ತಿಲು ದಾಟಲಿಲ್ಲ. “ಅಪ್ಪಾ, ಇನ್ನೊಂದ್ಸಲ ಕೂಗು. ಅತ್ತೆ ಫೋನಲ್ಲಿ ರೆಕಾರ್ಡ್ ಮಾಡ್ಕೋಬೇಕಂತೆ.”

“ಅಳಿಯಂದ್ರು ಒಳ್ಳೇ ತಮಾಷೆ ಮಾಡಿದ್ರು ಬಿಡು. ನಾನೇ ಅಂತ ಹೇಳಿದ್ಯಾ ಅವರಿಗೆ?”

“ಅವರಲ್ಲಪ್ಪ, ಹುಲಿ ಹೇಳಿದ್ದು ನಾನು.” ಅವಳು ಬೇರೆಲ್ಲೋ ನೋಡುತ್ತಿದ್ದಳು. “ನೀನು ಫಾರೆಸ್ಟ್ ಆಫೀಸರ್ ಅಂತ ಹೇಳಿದೀನಿ. ಇವತ್ತು ಕಾಡೊಳಗೆ ಡ್ಯೂಟಿ ಬಿದ್ದಿದೆ ಅಂತ. ನೀನು ಬಂದು ಕೂತ್ರೆ ಬಾಯಿ ಮುಚ್ಕೊಂಡಿರ್ತೀಯಾ? ಎಲ್ಲಾ ಹೇಳ್ಬಿಡ್ತೀಯ.”

“ನಾನು ಇವತ್ತು ರಜಾ ಹಾಕಿದ್ದೆ ಕಣೇ.”

“ಗೊತ್ತು, ಮ್ಯಾನೇಜರ್ ಹೇಳಿದ್ರು. ಅದಕ್ಕೇ ಹುಲಿ ಹೇಳ್ದೆ.” ತಿರುಗಿದವಳು ಮತ್ತೆ ನಿಂತಳು. “ನಿನ್ನ ಊಟ ಪಾರ್ಸೆಲ್ ಮಾಡಿಸಿದೀನಿ, ಇಸ್ಕೊಂಡು ಹೋಗು.”

ಗಂಟಲಣ್ಣನಿಗೆ ಮಗಳ ಕೆನ್ನೆಗೊಂದು ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ಮತ್ತೆ ಮಂಡಿಯೂರಿದ. ಈ ಸಲ ಉಸಿರಿನ ಲೆಕ್ಕ, ಹೊಟ್ಟೆಯ ಬಿಗಿ, ಕಸುಬು ಯಾವುದೂ ನೆನಪಾಗಲಿಲ್ಲ. ಎದೆಯಲ್ಲಿದ್ದುದನ್ನೆಲ್ಲ ಆ ಮಡಕೆಯೊಳಕ್ಕೆ ಸುರಿದ. ಸಾಕೆಂದು ಸಪ್ಲೈಯರ್ ಬಂದು ಭುಜ ಹಿಡಿದ ಮೇಲೂ ಕೂಗಿದ. ಕೊನೆಗೆ ಬಾಯಲ್ಲಿ ರಕ್ತದ ರುಚಿ ಬಂದಾಗ ನಿಲ್ಲಿಸಿದ.

ಬೆಳಗ್ಗೆ ಅವರು ಹೊರಡುವ ಹೊತ್ತಿಗೆ ಸೀದಾ ಕಾರಿನ ಮುಂದೆ ಹೋಗಿ ನಿಂತ. ಆಫೀಸರೂ ಇಲ್ಲ ಗೀಫೀಸರೂ ಇಲ್ಲ, ಇವಳ ಅಪ್ಪ ನಾನು, ನಿನ್ನೆಯ ಹುಲಿಯೂ ನಾನೇ ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುವುದೆಂದು ನಿಶ್ಚಯಿಸಿದ್ದ. ಬಾಯಿ ತೆರೆದ. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದ. ತುಟಿ ಆಡಿತು, ಕುತ್ತಿಗೆಯ ನರ ಉಬ್ಬಿತು, ಸ್ವರ ಹೊರಡಲಿಲ್ಲ.

ಬೀಗಿತ್ತಿ ಗಾಬರಿಯಾಗಿ ಸೊಸೆಯ ಕಡೆ ತಿರುಗಿದರು. “ಯಾರಮ್ಮ ಇವರು, ಏನೋ ಹೇಳ್ತಿದಾರಲ್ಲ?”

ಮಗಳು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು.

“ತೋಟದ ಕೆಲಸದವರು ಅತ್ತೆ,” ಎಂದಳು. “ಪಾಪ, ಮಾತು ಬರಲ್ಲ.”