ಹಳಿಗಳ ನಡುವೆ ನಿಂತವಳನ್ನು ಕೂಗಿ ಕರೆದದ್ದು

ಬೆಳಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಗೆಳತಿ ಮೂರನೆಯ ಸಲ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಡಿಯಾರ ನೋಡುತ್ತ ನಿಂತವಳು ನಾನು, ಅದಕ್ಕೇ ನಿಮಿಷ ಸಮೇತ ನೆನಪಿದೆ. ಏಳು ನಲವತ್ತರ ಲೋಕಲ್ ಹಿಡಿದು ಸಿಕಂದರಾಬಾದಿಗೆ ಹೋಗಬೇಕು, ಅಲ್ಲಿಂದ ಬಸ್ಸಿನಲ್ಲಿ ಮಾಧಾಪುರಕ್ಕೆ. ಹತ್ತಕ್ಕೆ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಇಬ್ಬರಿಗೂ ಇಂಟರ್‌ವ್ಯೂ. ನಾರಾಯಣಗೂಡದ ನಮ್ಮ ಕಾಲೇಜಿನಿಂದ ಆ ವರ್ಷ ಎಲ್ಲರೂ ಫೈಲು ಎದೆಗವಚಿಕೊಂಡು ಅತ್ತ ಕಡೆಗೇ ಓಡುತ್ತಿದ್ದರು.

"ಏ, ಒಳಗ ಮನಿ ಕಟ್ಟಾಕತ್ತೀ ಏನಲೇ?" ಎಂದು ಬಾಗಿಲು ಬಡಿದೆ.

"ಹೊಟ್ಟಿ ಮಾತು ಕೇಳವಲ್ದು. ನೀ ಹೋಗು, ನಿನಗ ನೌಕರಿ ಸಿಗ್ತೈತಿ. ನಾ ಇಲ್ಲೇ ಸಂಸಾರ ಹೂಡ್ತೀನಿ."

ಅವಳ ತಾಯಿ ಅಡುಗೆಮನೆಯಿಂದ ನಕ್ಕರು. ರಾಯಚೂರು ಕಡೆಯವರು, ಇಲ್ಲೇ ಮಲ್ಕಾಜ್‌ಗಿರಿಯಲ್ಲಿ ಅವರ ಮನೆ, ಬಟ್ಟೆ ಅಂಗಡಿ ಇತ್ತು. ಮಗಳು ನೌಕರಿ ಮಾಡುವುದು ತಂದೆಗೆ ಅಷ್ಟಾಗಿ ಮನಸ್ಸಿರಲಿಲ್ಲ. "ಒಂದ ಸಲ ನೋಡೂಣು" ಎಂದಿದ್ದರು. ಆ ಒಂದು ಸಲ ಎಂಬ ಮಾತೇ ಅವಳ ಹೊಟ್ಟೆ ಕೆಡಿಸಿತ್ತು. ತನ್ನ ಪರಿಚಯದ ಇಂಗ್ಲಿಷ್ ಸಾಲುಗಳನ್ನು ಹದಿನೈದು ದಿನದಿಂದ ಬಾಯಿಪಾಠ ಮಾಡುತ್ತಿದ್ದಳು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು.

ನನಗೂ ಭಯವಿತ್ತು. ನಾನು ರೈಲ್ವೆಯವರ ಮಗಳು, ಅಪ್ಪ ವಾಡಿಯಿಂದ ವರ್ಗವಾಗಿ ಬಂದವರು. ಹೆದರಿಕೆಯಾದಾಗೆಲ್ಲ ನಾನು ಸ್ಟೇಷನ್ ಹೆಸರು ಹೇಳಿಕೊಳ್ಳುತ್ತಿದ್ದೆ: ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್. ಸಿಕಂದರಾಬಾದ್ ತಲುಪುವಷ್ಟರಲ್ಲಿ ಉಸಿರು ಸರಿಹೋಗುತ್ತಿತ್ತು. ಅವಳಿಗೂ ಕಲಿಸಲು ನೋಡಿದೆ. "ನನಗ ತಾಂಡೂರಿನಾಗ ಇಳಿಯೂಹಂಗ ಆಗ್ತೈತಿ" ಎಂದಳು.

ಸ್ಟೇಷನ್ ಮುಟ್ಟಿದಾಗ ಏಳು ಮೂವತ್ತಾರು. ಅವಳು ಎಂದಿನಂತೆ ಮೇಲ್ಸೇತುವೆಯ ಮೆಟ್ಟಿಲ ಕಡೆ ತಿರುಗಿದಳು. ನಾನು ತಡೆದೆ. ನಾವು ರೈಲ್ವೆ ಕ್ವಾರ್ಟರ್ಸಿನ ಮಕ್ಕಳು ಸೇತುವೆ ಹತ್ತಿದವರೇ ಅಲ್ಲ. ಯಾವ ಗಾಡಿ ಯಾವಾಗ ಅನ್ನುವುದು ನಮಗೆ ಊಟದ ಹೊತ್ತಿನಷ್ಟೇ ಗೊತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಳಿದು ಹಳಿ ದಾಟಿಬಿಡುತ್ತಿದ್ದೆವು. ಅದೊಂದು ಜಂಬ.

"ನಮ್ಮ ಲೋಕಲ್ ಬರೂತನಕ ಯಾವ ಗಾಡೀನೂ ಇಲ್ಲ. ನನ್ನ ಹಿಂದ ಬಾ" ಎಂದೆ.

ನಾನು ಎರಡೂ ಲೈನು ದಾಟಿ ಆಚೆ ಹತ್ತಿದೆ. ತಿರುಗಿ ನೋಡಿದರೆ ಅವಳು ಮೊದಲನೆಯ ಲೈನು ದಾಟಿ ನಡುವಿನ ಜಾಗದಲ್ಲಿ ನಿಂತುಬಿಟ್ಟಿದ್ದಾಳೆ. ತುಟಿ ಅಲುಗುತ್ತಿತ್ತು. ಪಾಠದ ಸಾಲು ಮರೆತು ನಿಂತಿದ್ದಾಳೆ ಅಂದುಕೊಂಡೆ. ನನ್ನ ಕಣ್ಣು ವಾಚಿನ ಮೇಲೆ. ಸ್ಪೀಕರಿನಲ್ಲಿ ನಮ್ಮ ಲೋಕಲ್ ಬರುತ್ತಿದೆ ಎಂದು ತೆಲುಗಿನಲ್ಲಿ ಕೂಗುತ್ತಿದ್ದರು.

"ಏ, ಬಾರಲೇ ಲಗೂನ!" ಎಂದು ಕಿರುಚಿದೆ.

ಅವಳು ಓಡಿದಳು. ಆಮೇಲೆ ಹಾರ್ನ್ ಕೇಳಿಸಿತು. ಡಬ್ಬಿಗಳಿಲ್ಲದ ಬರೀ ಇಂಜಿನ್ ಒಂದು ಎರಡನೆಯ ಲೈನಿನಲ್ಲಿ ಬರುತ್ತಿತ್ತು. ಅವಳ ಮೈ ನನ್ನ ಕಡೆಗೆ ಬಿತ್ತು, ಎಡಗಾಲು ಬರಲಿಲ್ಲ.

ಸಂಜೆ ಆಸ್ಪತ್ರೆಯ ಹೊರಗೆ ಅಪ್ಪ ಒಂದೇ ಮಾತು ಹೇಳಿದರು: "ಬರೀ ಇಂಜಿನ್ ಟೈಮ್‌ಟೇಬಲ್‌ನಾಗ ಇರೂದಿಲ್ಲವ್ವಾ." ಇಷ್ಟು ವರ್ಷ ರೈಲ್ವೆ ಅನ್ನ ಉಂಡವಳಿಗೆ ಅದು ಗೊತ್ತಿರಲಿಲ್ಲ.

ನಾನು ಕೂಗಿದ್ದನ್ನು ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ಕೇಳಿದ್ದರು. ಹುಡುಗಿ ಇಂಟರ್‌ವ್ಯೂ ಭಯದಲ್ಲಿ ಮೈಮರೆತು ನಿಂತಿದ್ದಳು, ಗೆಳತಿ ಇಂಜಿನ್ ನೋಡಿ ಕೂಗಿ ಜೀವ ಉಳಿಸಿದಳು ಎಂದು ಅವರೇ ಕಥೆ ಕಟ್ಟಿದರು. ಅವಳ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಇಂಜಿನ್ ನೋಡಿರಲೇ ಇಲ್ಲ. ಹಾಗೆಂದು ಹೇಳಲೂ ಇಲ್ಲ.

ಆಮೇಲೆ ನಿದ್ದೆ ಬರಲಿಲ್ಲ ಅಂದರೆ ಪೂರ್ತಿ ನಿಜವಲ್ಲ. ಬರುತ್ತಿತ್ತು, ಅವಳು ನಿಂತ ಜಾಗದವರೆಗೆ ಬಂದು ಒಡೆಯುತ್ತಿತ್ತು. ಒಂದೊಂದು ಸಲ ಕನಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಇಂಜಿನ್ ಸುಮ್ಮನೆ ಹಾದುಹೋಗುತ್ತಿತ್ತು. ಎಚ್ಚರವಾದ ಮೇಲೆ ಆ ಕನಸೇ ಹೆಚ್ಚು ಸುಡುತ್ತಿತ್ತು. ಸ್ಟೇಷನ್‌ಗಳ ಹೆಸರು ಕೆಲಸಕ್ಕೆ ಬಾರದೆ ಹೋದವು.

ನನಗೆ ಬೇರೆ ಕಂಪನಿಯಲ್ಲಿ ನೌಕರಿ ಸಿಕ್ಕಿತು. ಅವಳಿಗೂ ಎರಡು ಕಡೆಯಿಂದ ಇಂಟರ್‌ವ್ಯೂ ಪತ್ರ ಬಂದವು, ತಂದೆ ಕಳಿಸಲಿಲ್ಲ. "ಹೆದರಿಕಿಗೆ ಹಳಿ ಮ್ಯಾಲೆ ನಿಂತಾಕಿ, ಆಫೀಸಿನಾಗ ಏನ್ ಮಾಡ್ತಾಳ?" ಎನ್ನುತ್ತಿದ್ದರು.

ಎರಡು ವರ್ಷವಾಗಿತ್ತು. ಒಂದು ರಜೆಯ ಮಧ್ಯಾಹ್ನ ಅವಳ ಮುಂದೆ ಕೂತು ಹೇಳಿಬಿಟ್ಟೆ: "ನಾ ಇಂಜಿನ್ ನೋಡಿರಲಿಲ್ಲ. ಲೇಟ್ ಆಗ್ತದಂತ ಕೂಗಿದ್ದೆ."

ಅವಳು ತೊಡೆಯ ಮೇಲಿನ ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ.

"ನಾ ನೋಡಿದ್ದೆ. ಅದು ಹೋಗ್ಲಿ ಅಂತನ ನಿಂತಿದ್ದೆ. ನೀ ಬಾ ಅಂದಿ. ರೈಲ್ವೆಯವರ ಮಗಳು ಅಂದಮ್ಯಾಲೆ ದಾಟಾಕ ಬರ್ತೈತಿ ಅಂತ ತಿಳಕೊಂಡೆ."

"ಮತ್ತ ಯಾರಿಗೂ ಯಾಕ ಹೇಳ್ಲಿಲ್ಲ?"

"ಹೇಳಿದ್ದೆ. ಜೀವ ಉಳಿಸಿದಾಕಿ ಮ್ಯಾಲ ಅಪವಾದ ಹಾಕ್ತೀ ಏನಂತ ಅವ್ವ ಬೈದಳು." ಆಮೇಲೆ ತಲೆ ಎತ್ತಿ, "ನನಗ ಹೇಳಿ ಏನ್ ಮಾಡ್ತೀ? ಅಪ್ಪ ಒಳಗ ಅದಾನ. ಅವಗ ಹೇಳು" ಎಂದಳು.

ಹೋಗಿ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ. ಬಾಗಿಲ ಹತ್ತಿರ ಕೋಲು ಊರಿ ಬಂದು ನಿಂತಿದ್ದ ಮಗಳನ್ನು ಕೇಳಿದರು:

"ಗಾಡಿ ನೋಡೇ ನಿಂತಿದ್ದೇನವ್ವಾ?"

"ನೋಡೇ ನಿಂತಿದ್ದೆ ಅಪ್ಪಾ."

ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅವಳ ತಾಯಿ ನನ್ನನ್ನು ಹೊಸ್ತಿಲವರೆಗೆ ಕಳಿಸಲು ಬಂದರು, ದನಿ ಏರಿಸದೆ ಹೇಳಿದರು: "ಇನ್ನ ಈ ಕಡೆ ಬರಬ್ಯಾಡವ್ವಾ."

ಹೋಗಲಿಲ್ಲ. ಮುಂದಿನ ತಿಂಗಳು ಅವಳು ಬಾಲಾನಗರದ ಒಂದು ಸಣ್ಣ ಫ್ಯಾಕ್ಟರಿಯ ಆಫೀಸಿಗೆ ಸೇರಿದಳೆಂದೂ, ಇಂಟರ್‌ವ್ಯೂಗೆ ತಂದೆಯೇ ಕರೆದುಕೊಂಡು ಹೋಗಿದ್ದರೆಂದೂ ಬೇರೆಯವರಿಂದ ತಿಳಿಯಿತು. ಅವಳ ದನಿ ನಾನು ಮತ್ತೆ ಕೇಳಿಲ್ಲ.

ಆ ಸುದ್ದಿ ಕೇಳಿದ್ದು ಒಂದು ಗುರುವಾರ. ಅವತ್ತು ಮಲಗಿದವಳು ಬೆಳಗ್ಗೆ ಅಮ್ಮ ಬಂದು ಅಲುಗಾಡಿಸುವವರೆಗೆ ಏಳಲಿಲ್ಲ.