ತ್ರಿಕೋನದ ಹೊಲಕ್ಕೆ ಎಷ್ಟು ಪಾಲು?

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಕದರಮಂಡಲಗಿಯ ಅಣ್ಣತಮ್ಮಂದಿರಿಬ್ಬರು ಇವತ್ತು ಗಣಿತದ ಟೀಚರ್ ಎಂದು ನನ್ನನ್ನು ಕರೆಸಿದ್ದರು. ಅಪ್ಪ ಬಿಟ್ಟುಹೋದ ತ್ರಿಕೋನಾಕಾರದ ಹೊಲವನ್ನು ಎರಡು ಸಮಪಾಲು ಮಾಡಬೇಕಿತ್ತು. ಅವರ ಮನೆ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಬರೆದು ಹಂತ ಹಂತವಾಗಿ ಬಿಡಿಸಿದೆ. ಹೊಲದ ರಸ್ತೆ ಬದಿಯೇ ತ್ರಿಕೋನದ ಪಾದ. ಅದರ ಮಧ್ಯಬಿಂದುವಿನಿಂದ ಎದುರಿನ ಮೂಲೆಗೆ ಗೆರೆ ಎಳೆದರೆ ಎರಡೂ ಕಡೆ ಪಾದ ಸಮ, ಎತ್ತರ ಒಂದೇ, ಹಾಗಾಗಿ ಕ್ಷೇತ್ರಫಲವೂ ಸಮ.

ಚಹಾ ತಂದ ಅವರ ತಂಗಿ ಕೇಳಿದಳು, "ಮೂರು ಪಾಲು ಮಾಡಾಕ ಬರೂದಿಲ್ಲೇನ್ರಿ ಟೀಚರ್?"

ಅಣ್ಣ ಗದರಿದ, "ನೀ ಒಳಗ ನಡಿ. ಲೆಕ್ಕ ಮುಗದೈತಿ."

ನಾನು ನಡುಗೆರೆ ಅಳಿಸಿ, ಪಾದವನ್ನು ಮೂರು ಸಮಭಾಗ ಮಾಡಿ, ಮೂಲೆಯಿಂದ ಎರಡು ಗೆರೆ ಎಳೆದು ಎದ್ದೆ.

"ಈ ಟೀಚರ್‌ಗ ಲೆಕ್ಕಾನ ಬರೂದಿಲ್ಲ!" ಎಂದ ತಮ್ಮ.

ಖರೇ. ತಂಗಿಯನ್ನು ಬಿಟ್ಟು ಎಣಿಸುವ ಲೆಕ್ಕ ನನಗೆ ಬರುವುದಿಲ್ಲ.